ಕೆರಿಬಿಯನ್ ಸಮುದ್ರದಲ್ಲಿ ನಾಲ್ವರು ಗೆಳೆಯರು
(ಸಂಘದ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣದ ಬರಹರೂಪ)



ಕಳೆದ ತಿಂಗಳು ನಮ್ಮ ವಾಚನಾಲಯದ ಮೇಲ್ವಿಚಾರಕರು ಬಾಗಿಲಲ್ಲೇ ನಮ್ಮನ್ನು ತಡೆದು, "ನೀವು ನಾಲ್ವರೂ ವೆಸ್ಟ್ ಇಂಡೀಸಿನ ಕಡೆ ಹಡಗಿನಲ್ಲಿ ಹೋಗಿ ಬಂದಿರಂತೆ. ಪುಸ್ತಕ ಓದಲು ಬಂದವರಿಗೆಲ್ಲ ಬಿಡಿಬಿಡಿಯಾಗಿ ಹೇಳುತ್ತ ಸದ್ದು ಮಾಡುವುದಕ್ಕಿಂತ ಒಂದು ದಿನ ಎಲ್ಲರಿಗೂ ಸೇರಿಸಿ ಹೇಳಿಬಿಡಿ" ಎಂದರು. ಅವರ ಮಾತಿನಲ್ಲಿ ಸತ್ಯವಿದ್ದುದರಿಂದ ಒಪ್ಪಿಕೊಂಡೆವು. ಇಲ್ಲಿ ನಿಂತು ಓದುತ್ತಿರುವವರು ಒಬ್ಬರಾದರೂ ಮಾತು ನಾಲ್ವರದು. ಬರೆದುದನ್ನು ನಾಲ್ವರೂ ನೋಡಿ, ಅಲ್ಲಲ್ಲಿ ಹೊಡೆದು, ಜಗಳಾಡಿ, ಕೊನೆಗೆ ಒಪ್ಪಿದ್ದೇವೆ. ಆದುದರಿಂದ "ನಾವು" ಎಂದು ಬಂದ ಕಡೆಯಲ್ಲೆಲ್ಲ ನಾಲ್ವರನ್ನೂ ತಿಳಿಯಬೇಕು.

ತಮ್ಮಲ್ಲಿ ಹಳಬರು ನಮ್ಮನ್ನು ಬಲ್ಲಿರಿ. ಒಬ್ಬರು ಅಂಚೆಯವರು, ಒಬ್ಬರು ರೈಲ್ವೆಯವರು, ಒಬ್ಬರು ಬ್ಯಾಂಕಿನವರು, ಒಬ್ಬರು ಗಿರಣಿಯವರು. 1975ರಲ್ಲಿ ಪರೇಲಿನ ಒಂದು ಚಾಳಿನ ಖೋಲಿಯಲ್ಲಿ ಎಂಟು ಜನ ಇದ್ದೆವು. ನಾಲ್ವರು ಹಗಲು ಮಲಗುವವರು, ನಾಲ್ವರು ರಾತ್ರಿ ಮಲಗುವವರು. ಊಟ ಖಾನಾವಳಿಯಲ್ಲಿ, ಓದು ಇಲ್ಲಿ. 1976ರ ಏಪ್ರಿಲ್ ತಿಂಗಳಲ್ಲಿ ಟ್ರಿನಿಡಾಡಿನ ಪೋರ್ಟ್ ಆಫ್ ಸ್ಪೇನಿನಲ್ಲಿ ನಮ್ಮ ತಂಡ ನಾಲ್ಕನೆಯ ಸರದಿಯಲ್ಲಿ 406 ಓಟ ಹೊಡೆದು ಗೆದ್ದಾಗ, ನಮ್ಮ ಜಿ. ಆರ್. ವಿಶ್ವನಾಥರು 112 ಮಾಡಿದ್ದರು. ಆ ಸುದ್ದಿಯ ಪತ್ರಿಕೆಗೆ ಈ ಮೇಜಿನ ಸುತ್ತ ಎಷ್ಟು ಕೈ ಬಿದ್ದವೆಂದರೆ ಹಾಳೆ ಎರಡಾಯಿತು. ನಾಲ್ಕಾಣೆ ದಂಡ ಕಟ್ಟಿದವರು ಗಿರಣಿಯವರು. ಆ ದ್ವೀಪಗಳನ್ನು ಒಂದು ದಿನ ನೋಡಬೇಕು ಎಂದು ಅಂದು ಆಡಿಕೊಂಡಿದ್ದೆವು. ಇಪ್ಪತ್ತು ವರ್ಷದ ಹುಡುಗರು ಆಡುವ ಮಾತು, ಅಷ್ಟೆ.

ಇನ್ನೊಂದು ಸಂಗತಿಯನ್ನೂ ಇಲ್ಲೇ ಹೇಳಿಬಿಡಬೇಕು. ಸಂಬಂಧಪಟ್ಟ ಇಬ್ಬರೂ ಹೇಳಬಹುದೆಂದಿದ್ದಾರೆ. 1982ರ ಜನವರಿಯಲ್ಲಿ ಮುಂಬಯಿಯ ಬಟ್ಟೆಗಿರಣಿಗಳ ಮುಷ್ಕರ ಪ್ರಾರಂಭವಾದುದು, ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ಬಂದುದು, ಅವರಲ್ಲಿ ಬಹಳ ಜನ ಮತ್ತೆ ಒಳಗೆ ಹೋಗದೆ ಇದ್ದುದು ತಮಗೆ ತಿಳಿದೇ ಇದೆ. ಗಿರಣಿಯವರ ಮನೆಯಲ್ಲಿ ಆಗ ಕೈಗೂಸು. ಒಂದು ಪತ್ತಿನ ಸಂಘದಿಂದ ಅವರು 4,000 ರೂಪಾಯಿ ಸಾಲ ತೆಗೆದರು. ಬ್ಯಾಂಕಿನವರು ಜಾಮೀನು ನಿಂತರು. ಕಂತು ನಿಂತುಹೋಯಿತು, ಬ್ಯಾಂಕಿನವರ ಸಂಬಳದಿಂದ ಕಡಿತವಾಗತೊಡಗಿತು. ಗಿರಣಿಯವರು ಕಾವಲುಗಾರರಾಗಿ, ರಾತ್ರಿಯಲ್ಲಿ ಗೋದಾಮು ಕಾದು, ಹತ್ತು ಇಪ್ಪತ್ತಾಗಿ ಪೂರ್ತಿ ಹಣ ತೀರಿಸಿದರು. ಆದರೆ ನಡುವೆ ಒಂದು ದಿನ ಖಾನಾವಳಿಯಲ್ಲಿ ಹತ್ತು ಜನರೆದುರು ಬ್ಯಾಂಕಿನವರು, "ಸಹಿ ಹಾಕುವಾಗ ನನ್ನ ಕಣ್ಣು ಎಲ್ಲಿತ್ತೋ" ಎಂದುಬಿಟ್ಟಿದ್ದರು. ಹಣ ತೀರಿತು, ಆ ಮಾತು ತೀರಲಿಲ್ಲ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಇಬ್ಬರೂ ನಾಲ್ಕು ಜನರಲ್ಲಿ ನಗುತ್ತ, ಇಬ್ಬರೇ ಇದ್ದಾಗ ಪತ್ರಿಕೆಯನ್ನು ಮುಖಕ್ಕೆ ಹಿಡಿದು ಕೂತಿದ್ದಾರೆ.

ಅಂದಿನ ಆ ಕೈಗೂಸು ಈಗ ಅಮೆರಿಕದ ಫ್ಲಾರಿಡದಲ್ಲಿ ದಾದಿಯಾಗಿದ್ದಾಳೆ. "ಅಪ್ಪಾ, ನೀನೊಬ್ಬನೇ ಬಂದರೆ ಎರಡು ದಿನಕ್ಕೇ ಬೇಸರಪಡುತ್ತೀ. ಕಾಕಾಗಳನ್ನೂ ಕರೆದುಕೊಂಡು ಬಾ" ಎಂದಳು. ಬ್ಯಾಂಕಿನವರು ಒಂದು ಷರತ್ತು ಹಾಕಿದರು: ಇಳಿದುಕೊಳ್ಳುವುದು ಮಗಳ ಮನೆಯಲ್ಲಿ ಸರಿ, ಆದರೆ ಹಡಗಿನ ಹಣ, ವಿಮಾನದ ಹಣ ಅವರವರದು, ದಾರಿಖರ್ಚಿನ ಲೆಕ್ಕ ತಾವೇ ಬರೆಯುವುದು. ಹೀಗೆ 2024ರ ಜನವರಿಯಲ್ಲಿ ಹೊರಟೆವು. ಮನೆಯವರು ಬರಲಿಲ್ಲವೆ ಎಂದು ಕೇಳುತ್ತೀರಿ. ನಮ್ಮಲ್ಲಿ ಇಬ್ಬರಿಗೆ ಮನೆಯವರು ಇಲ್ಲ. ಉಳಿದಿಬ್ಬರ ಮನೆಯವರು, "ನೀವು ಇಲ್ಲದಿರುವುದೇ ನಮಗೆ ವಿಹಾರ" ಎಂದು ಕಳಿಸಿಕೊಟ್ಟರು.

ಖರ್ಚಿನ ಮಾತನ್ನು ಮುಚ್ಚಿಡುವುದಿಲ್ಲ. ಇದು ನಮ್ಮಂಥವರ ಕೈಗೆ ಸುಲಭವಾಗಿ ನಿಲುಕುವ ವಿಷಯವಲ್ಲ. ನಿವೃತ್ತಿಯ ಗಂಟಿನಿಂದ ತೆಗೆದದ್ದು. ಏಳು ರಾತ್ರಿಗೆ, ಕಿಟಕಿಯಿಲ್ಲದ ಒಳಗಿನ ಕೋಣೆಗೆ, ಒಂದು ಕೋಣೆಯಲ್ಲಿ ಇಬ್ಬರಂತೆ, ತಲೆಗೆ ಸುಮಾರು 700 ಡಾಲರ್ ಬಿತ್ತು. ವಿಮಾನದ್ದು ಅದಕ್ಕಿಂತ ಹೆಚ್ಚು. ಹೊಸವರ್ಷದ ಗದ್ದಲ ಮುಗಿದ ಮೇಲೆ ದರ ಇಳಿಯುತ್ತದೆಂದು ಆ ಕಾಲ ಆರಿಸಿಕೊಂಡೆವು. ಜೂನ್ ಮೊದಲಿನಿಂದ ನವೆಂಬರ್ ಕೊನೆಯವರೆಗೆ ಅಲ್ಲಿ ಚಂಡಮಾರುತದ ಕಾಲ. ಅಮೆರಿಕದ ವೀಸಾ ಒಂದೇ ಸಲ ಒಳಗೆ ಬಿಡುವಂಥದಾದರೆ ಸಾಲದು. ಹಡಗು ಆ ದೇಶ ಬಿಟ್ಟು ಹೋಗಿ ಮತ್ತೆ ಅಲ್ಲಿಗೇ ಬರುತ್ತದಲ್ಲ. ದ್ವೀಪಗಳ ಕಟ್ಟಳೆ ಬೇರೆ ಬೇರೆ. ಟಿಕೇಟು ಕೊಳ್ಳುವ ಮೊದಲೇ ಕೇಳಿಕೊಳ್ಳಬೇಕು.

ಮಯಾಮಿ ಬಂದರಿನಲ್ಲಿ ಹಡಗು ನೋಡಿ ರೈಲ್ವೆಯವರು, "ಇದು ಹಡಗಲ್ಲ, ನಾಲ್ಕು ಚಾಳನ್ನು ಒಂದರ ಮೇಲೊಂದು ಇಟ್ಟು ತೇಲಿಸಿದ್ದಾರೆ" ಎಂದರು. ಸುಮಾರು ಮೂರು ಸಾವಿರ ಪ್ರವಾಸಿಗಳು, ಸಾವಿರಕ್ಕೂ ಮಿಕ್ಕಿ ಕೆಲಸದವರು. ಹಿಂದೆ ಸಾಗರ ದಾಟುವವರೆಲ್ಲ ಹಡಗಿನಲ್ಲೇ ಹೋಗಬೇಕಾಗಿತ್ತು. ಜೆಟ್ ವಿಮಾನ ಬಂದು ಆ ವ್ಯಾಪಾರ ಮುಳುಗಿತು. ಆಗ ಕೆಲವರು, ಊರು ಮುಟ್ಟಿಸುವುದಕ್ಕಲ್ಲ, ಹಡಗಿನಲ್ಲಿ ಇರುವುದಕ್ಕೇ ಜನ ಹಣ ಕೊಟ್ಟಾರು ಎಂದು ಯೋಚಿಸಿದರು. 1966ರಲ್ಲಿ ಸನ್‌ವರ್ಡ್ ಎಂಬ ಹಡಗು ಮಯಾಮಿಯಿಂದ ಬಹಾಮಾ ದ್ವೀಪಗಳಿಗೆ ಹೊರಟಿತು. ಇಂದಿನ ಕೆರಿಬಿಯನ್ ವಿಹಾರದ ದೊಡ್ಡ ವ್ಯಾಪಾರ ಬೆಳೆದುದು ಅಲ್ಲಿಂದ ಮುಂದೆ.

ಹೊರಡುವ ಮುನ್ನ ಎಲ್ಲರೂ ತಮ್ಮ ತಮ್ಮ ನಿಗದಿಯ ಸ್ಥಳಕ್ಕೆ ಹೋಗಿ, ಅಪಾಯದ ಗಂಟೆ ಯಾವುದು, ತೇಲು ಅಂಗಿ ತೊಡುವುದು ಹೇಗೆ ಎಂದು ತಿಳಿದುಕೊಳ್ಳಬೇಕು. ಕೆಲವರು ಇದನ್ನು ಕಾಟವೆಂದು ತಿಳಿಯುತ್ತಾರೆ. 2012ರ ಜನವರಿಯಲ್ಲಿ ಇಟಲಿಯ ಕರಾವಳಿಯಲ್ಲಿ ಕೋಸ್ಟಾ ಕಾಂಕೋರ್ಡಿಯ ಎಂಬ ವಿಹಾರನೌಕೆ ಬಂಡೆಗೆ ತಾಗಿ ಮಗುಚಿ 32 ಜನ ಸತ್ತರು. ಅದರಲ್ಲಿ ಅಂದು ಹತ್ತಿದ ಪ್ರವಾಸಿಗಳಿಗೆ ಈ ಪಾಠ ಇನ್ನೂ ಆಗಿರಲಿಲ್ಲ. ಬಳಿಕ ನಿಯಮ ಬಿಗಿಯಾಯಿತು. ಅಂಚೆಯವರು ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡು ಜೇಬಿನಲ್ಲಿಟ್ಟು ಏಳು ದಿನವೂ ತಿರುಗಿದರು.

ಕೋಣೆ ಹಂಚುವಾಗ ಒಂದು ಎಡವಟ್ಟಾಯಿತು. ಮಗಳು ಟಿಕೇಟು ಮಾಡಿಸುವಾಗ ಅಪ್ಪನ ಜೊತೆಗೆ ಬ್ಯಾಂಕಿನ ಕಾಕಾನನ್ನು ಹಾಕಿದ್ದಳು. ತಿಳಿದು ಹಾಕಿದಳೋ ತಿಳಿಯದೆ ಹಾಕಿದಳೋ ನಾವು ಇಂದಿಗೂ ಕೇಳಿಲ್ಲ. ಇಬ್ಬರೂ ಏನೂ ಅನ್ನದೆ ಒಳಗೆ ಹೋದರು. ದೀಪ ಆರಿಸಿದರೆ ನಮ್ಮ ಪರೇಲಿನ ಖೋಲಿಗಿಂತ ಕತ್ತಲು. ಹಗಲೋ ರಾತ್ರಿಯೋ ತಿಳಿಯುವುದಿಲ್ಲ. ಗಾಳಿ ಮಾತ್ರ ತಣ್ಣಗೆ ಬರುತ್ತಿತ್ತು.

ಮರುದಿನ ಇಡೀ ಸಮುದ್ರ. ಅದರ ಬಣ್ಣವನ್ನು ಹೇಳಹೋದರೆ ಸುಳ್ಳಾಗುತ್ತದೆ. ನಮ್ಮ ಚೌಪಾಟಿಯ ಸಮುದ್ರ ನೋಡಿದವರಿಗೆ ಇದೂ ಸಮುದ್ರವೇ ಎಂದು ನಂಬಲಾಗದಷ್ಟು ನೀಲಿ ಎಂದರೆ ಸಾಕು. ಊಟ, ನೀರು, ಚಹಾ ಟಿಕೇಟಿನಲ್ಲೇ ಸೇರಿವೆ. ಮದ್ಯ, ಬಾಟಲಿಯ ಪಾನೀಯ, ಇಂಟರ್‌ನೆಟ್, ವೈದ್ಯರು, ಇವೆಲ್ಲಕ್ಕೆ ಬೇರೆ ಹಣ. ನಗದು ನಡೆಯುವುದಿಲ್ಲ, ಒಂದು ಕಾರ್ಡನ್ನು ಉಜ್ಜುತ್ತಾರೆ. ಉಜ್ಜುವಾಗ ನೋವಾಗುವುದಿಲ್ಲ, ಕೊನೆಯ ದಿನ ಬಿಲ್ಲು ಬಂದಾಗ ಆಗುತ್ತದೆ. ಬ್ಯಾಂಕಿನವರು ದಿನವೂ ರಾತ್ರಿ ಲೆಕ್ಕ ತಾಳೆ ನೋಡುತ್ತಿದ್ದುದರಿಂದ ನಮಗೆ ಆ ಗಾಬರಿ ತಪ್ಪಿತು. ಶಾಕಾಹಾರಿಗಳು ಅಂಜಬೇಕಾಗಿಲ್ಲ. ಊಟದ ಶಾಲೆಯ ಮುಖ್ಯಸ್ಥರು ಗೋವೆಯವರು. ಹಿಂದಿನ ದಿನ ಹೇಳಿಟ್ಟರೆ ಅನ್ನ, ಬೇಳೆ, ಮೊಸರು ಮಾಡಿಸಿ ಕೊಡುತ್ತಿದ್ದರು. ಡೆಕ್ಕಿನ ಮೇಲೆ ಮಲಗುವ ಕುರ್ಚಿಗಳಿಗೆ ಬೆಳಗ್ಗೆ ಏಳಕ್ಕೇ ಟವಲು ಹಾಸಿ ಜಾಗ ಹಿಡಿಯುವ ಗೌರವಸ್ಥ ಜನರನ್ನು ಕಂಡು ನಮಗೆ ಲೋಕಲ್ ಗಾಡಿಯಲ್ಲಿ ಕರವಸ್ತ್ರ ಎಸೆಯುವುದು ನೆನಪಾಗಿ ತುಂಬ ಸಮಾಧಾನವಾಯಿತು.

ಆ ದಿನ ಸಂಜೆ ಕೋಣೆಗೆ ಬಂದರೆ ಹಾಸಿಗೆಯ ಮೇಲೆ ಟವಲಿನಲ್ಲಿ ಮಡಿಸಿದ ಒಂದು ಆನೆ. ಗಿರಣಿಯವರು, "ಭಾಳ ಚಲೋ ಮಾಡ್ಯಾನ ನೋಡಲೇ" ಎಂದು ಕೂಗಿ ಹೇಳಿದ್ದು ಓಣಿಯಲ್ಲಿ ಹೋಗುತ್ತಿದ್ದ ಹುಡುಗನಿಗೆ ಕೇಳಿಸಿತು. ಅವನೇ ಕೋಣೆ ನೋಡಿಕೊಳ್ಳುವವನು. "ನೀವು ಕನ್ನಡದವರಾ? ಎಂಥ ಮಾರಾಯ್ರೆ, ನಿನ್ನೆಯೇ ಹೇಳುವುದಲ್ವಾ!" ಎಂದ. ಮೂಡುಬಿದಿರೆಯ ಕಡೆಯವನು. ಎಂಟು ತಿಂಗಳ ಕರಾರು, ಐದು ಮುಗಿದಿತ್ತು. ಹದಿನೆಂಟು ಕೋಣೆ ಅವನ ಪಾಲಿಗೆ, ದಿನಕ್ಕೆ ಎರಡು ಸಲ. ವಾರದ ರಜೆ ಎಂಬುದಿಲ್ಲ. ಕರಾರು ಮುಗಿದ ಮೇಲೆ ಊರಿನಲ್ಲಿ ಎರಡು ತಿಂಗಳು, ಆಗ ಸಂಬಳವಿಲ್ಲ. ಭಕ್ಷೀಸು ಎಂದು ದಿನಕ್ಕೆ ತಲೆಗೆ 16ರಿಂದ 20 ಡಾಲರ್ ತನಕ ನಮ್ಮ ಲೆಕ್ಕಕ್ಕೆ ತಾನಾಗಿ ಸೇರುತ್ತದೆ. ಅದು ನಮಗೆ ದುಂದಾಗಿ ಕಂಡಿತ್ತು. ಇವರ ಗಳಿಕೆಯ ದೊಡ್ಡ ಪಾಲು ಅದೇ ಎಂದು ಗೊತ್ತಾದ ಮೇಲೆ ಸುಮ್ಮನಾದೆವು. 2020ರ ಸಾಂಕ್ರಾಮಿಕದಲ್ಲಿ ಪ್ರವಾಸಿಗಳನ್ನೆಲ್ಲ ಇಳಿಸಿದ ಬಳಿಕವೂ ಅವನಂಥವರು ತಿಂಗಳುಗಟ್ಟಲೆ ಹಡಗಿನಲ್ಲೇ ಉಳಿದರು. "ಮೂರು ಸಾವಿರ ಜನರ ಹಡಗಿನಲ್ಲಿ ನಾವು ಮಾತ್ರ. ಕ್ಲೀನು ಮಾಡಲಿಕ್ಕೂ ಯಾರೂ ಇಲ್ಲ" ಎಂದು ನಕ್ಕ.

ಮೂರನೆಯ ದಿನ ಜಮೈಕಾದ ಓಚೊ ರಿಯೊಸ್. ಇಂಡಿಯಾ ಹುಡುಕಿಕೊಂಡು ಹೊರಟ ಕೊಲಂಬಸ್ 1494ರಲ್ಲಿ ಮುಟ್ಟಿದ ದ್ವೀಪವಿದು. ಅವನ ತಪ್ಪಿನಿಂದ ವೆಸ್ಟ್ ಇಂಡೀಸ್ ಎಂಬ ಹೆಸರು ಉಳಿಯಿತು. ನಿಜವಾದ ಇಂಡಿಯಾದವರು ಬಂದದ್ದು 1845ರ ಮೇ 10ರಂದು. ಗುಲಾಮಗಿರಿ 1838ರಲ್ಲಿ ಪೂರ್ತಿ ನಿಂತಮೇಲೆ ಕಬ್ಬಿನ ತೋಟಕ್ಕೆ ಆಳು ಬೇಕಾಯಿತು. ಐದು ವರ್ಷದ ಕರಾರಿನ ಮೇಲೆ ನಮ್ಮ ದೇಶದ ಬಡವರನ್ನು ತುಂಬಿ ತಂದರು. 1917ರಲ್ಲಿ ಆ ಪದ್ಧತಿ ನಿಲ್ಲುವುದರೊಳಗೆ ಜಮೈಕಾ ಒಂದಕ್ಕೇ ಸುಮಾರು 36,000 ಜನ ಬಂದಿದ್ದರು. ಬಹುಪಾಲು ತಿರುಗಿ ಹೋಗಲಿಲ್ಲ. ಬಂದರಿನ ಹೊರಗೆ ರೊಟ್ಟಿ, ಆಡಿನ ಮಾಂಸದ ಸಾರು ಮಾರುತ್ತಿದ್ದ ಮುದುಕಿಯೊಬ್ಬಳ ಮುಖ ನಮ್ಮ ಕಡೆಯದೇ. ಅಜ್ಜಿಯ ತಾಯಿ ಕಲ್ಕತ್ತೆಯಿಂದ ಹಡಗು ಹತ್ತಿದಳೆಂದು ಮಾತ್ರ ಅವಳಿಗೆ ಗೊತ್ತು; ಊರು ಯಾವುದೋ, ಭಾಷೆ ಯಾವುದೋ ಗೊತ್ತಿಲ್ಲ. ರೊಟ್ಟಿಗೆ ರೊಟ್ಟಿ ಎಂದೇ ಅನ್ನುತ್ತಾಳೆ. ಗಿರಣಿಯವರು ನಾಲ್ಕು ರೊಟ್ಟಿ ತೆಗೆದುಕೊಂಡು ಚಿಲ್ಲರೆ ವಾಪಸು ಕೇಳಲಿಲ್ಲ. ಬ್ಯಾಂಕಿನವರು ಅದನ್ನೂ ಲೆಕ್ಕದಲ್ಲಿ ಬರೆದರು. 2025ರ ಅಕ್ಟೋಬರಿನಲ್ಲಿ ಮೆಲಿಸ್ಸಾ ಚಂಡಮಾರುತ ಜಮೈಕಾವನ್ನು ಬಡಿದ ಸುದ್ದಿ ಓದಿದಾಗ ನಮಗೆ ಮೊದಲು ನೆನಪಾದದ್ದು ಅವಳ ತಗಡಿನ ಅಂಗಡಿ.

ಅಲ್ಲಿಂದ ಸ್ವಲ್ಪ ದೂರದಲ್ಲಿ ಡನ್ಸ್ ರಿವರ್ ಎಂಬ ಜಲಪಾತ. ಜೋಗದ ಹಾಗೆ ದೂರದಿಂದ ನಿಂತು ನೋಡುವಂಥದಲ್ಲ. ಮೆಟ್ಟಿಲು ಮೆಟ್ಟಿಲಾಗಿ ಸುಮಾರು 600 ಅಡಿ ಉದ್ದಕ್ಕೆ ಇಳಿದು ನೇರ ಸಮುದ್ರಕ್ಕೆ ಬೀಳುತ್ತದೆ. ಕೆಳಗಿನ ಮರಳಿನಿಂದ ನೀರಿನಲ್ಲೇ ಮೇಲಕ್ಕೆ ಹತ್ತಬೇಕು. ಜಾರದಿರಲೆಂದು ಜನ ಒಬ್ಬರ ಕೈ ಒಬ್ಬರು ಹಿಡಿದು ಸರಪಳಿ ಮಾಡುತ್ತಾರೆ. ಪಕ್ಕದಲ್ಲಿ ಒಣಮೆಟ್ಟಿಲೂ ಇದೆ. ಮೊಣಕಾಲಿನ ನೋವಿನ ಅಂಚೆಯವರು ಎಲ್ಲರ ಕನ್ನಡಕ ಹಿಡಿದುಕೊಂಡು ಅತ್ತ ಹೋದರು. ಸರಪಳಿಯಲ್ಲಿ ನಮ್ಮ ಮೂವರ ಹಿಂದೆ ಮುಂದೆ ಅಪರಿಚಿತರು. ಬ್ಯಾಂಕಿನವರ ಎಡಗೈ ಗಿರಣಿಯವರ ಬಲಗೈಯಲ್ಲಿ ಬಂತು. ಅರ್ಧ ದಾರಿಯಲ್ಲಿ ಬ್ಯಾಂಕಿನವರ ಕಾಲು ಜಾರಿ ಸೊಂಟದ ತನಕ ನೀರಿಗೆ ಹೋದರು. "ಕೈ ಬಿಡಬ್ಯಾಡೋ!" ಎಂದು ಕೂಗಿದರು. ಗಿರಣಿಯವರು, "ಬಿಡಂಗಿಲ್ಲ, ಕಾಲ್ ಊರು ಮೊದಲ" ಎಂದರು. ಮೇಲೆ ಹೋದಮೇಲೆ ಇಬ್ಬರೂ ಬೇರೆ ಬೇರೆ ಕಡೆ ತಿರುಗಿ ಅಂಗಿ ಹಿಂಡಿಕೊಂಡರು.

ನಾಲ್ಕನೆಯ ದಿನ ಗ್ರ್ಯಾಂಡ್ ಕೇಮನ್. ಅಲ್ಲಿ ದೊಡ್ಡ ಹಡಗು ನಿಲ್ಲುವ ಕಟ್ಟೆಯಿಲ್ಲ. ದೂರದಲ್ಲಿ ನಿಂತು ಚಿಕ್ಕ ದೋಣಿಗಳಲ್ಲಿ ದಡಕ್ಕೆ ಬಿಡುತ್ತಾರೆ. ಕಟ್ಟೆ ಕಟ್ಟಬೇಕೆ ಎಂದು 2025ರ ಏಪ್ರಿಲಿನಲ್ಲಿ ಅಲ್ಲಿಯ ಜನರನ್ನೇ ಕೇಳಿದರು, ಹೆಚ್ಚಿನವರು ಬೇಡವೆಂದರು. ಎದೆಮಟ್ಟದ ನೀರಿನ ಒಂದು ಮರಳದಿಬ್ಬದಲ್ಲಿ ತೊರಕೆ ಮೀನುಗಳು ಕಾಲ ಸುತ್ತ ಬಂದು ಮುತ್ತುತ್ತವೆ. ಹಿಂದೆ ಬೆಸ್ತರು ಅಲ್ಲಿ ಮೀನು ಶುದ್ಧಮಾಡಿ ಕಸ ಚೆಲ್ಲುತ್ತಿದ್ದರಂತೆ. ಅಂದಿನಿಂದ ಅವಕ್ಕೆ ರೂಢಿ. ಕಾಲನ್ನು ಎತ್ತಿ ಇಡದೆ ಮರಳಿನಲ್ಲಿ ಎಳೆಯುತ್ತ ನಡೆಯಬೇಕು, ತುಳಿದರೆ ಬಾಲದ ಮುಳ್ಳು ಚುಚ್ಚುತ್ತದೆ. ರೈಲ್ವೆಯವರು ದೋಣಿಯಿಂದ ಇಳಿಯಲೇ ಇಲ್ಲ. ಇದನ್ನು ಬರೆಯಬಾರದೆಂದು ಅವರು ಹೇಳಿದ್ದರು. ಮೂರು ಮತಗಳಿಂದ ತಳ್ಳಿಹಾಕಿದೆವು.

ಐದನೆಯ ದಿನ ಮೆಕ್ಸಿಕೋ ದೇಶದ ಕೊಸುಮೆಲ್ ದ್ವೀಪ. ಹಿಂದೆ ಮಾಯಾ ಜನರ ಹೆಂಗಸರು ತಮ್ಮ ಇಷ್‌ಚೆಲ್ ದೇವಿಯ ಯಾತ್ರೆಗೆ ದೋಣಿಯಲ್ಲಿ ಬರುತ್ತಿದ್ದ ಸ್ಥಳ. ಮಳೆ ಬಂದುದರಿಂದ ನಮಗೆ ಬಂದರಿನ ಬೀದಿಯಷ್ಟೆ ಕಂಡಿತು. ನಾಲ್ಕೂವರೆಗೆ ಎಲ್ಲರೂ ಹಡಗಿನಲ್ಲಿರಬೇಕು. ಲೋಕಲ್ ತಪ್ಪಿದರೆ ಇನ್ನೊಂದು ಬರುತ್ತದೆ. ಹಡಗು ತಪ್ಪಿದರೆ ಮುಂದಿನ ಬಂದರಿಗೆ ನಾವೇ ಕೈಯಿಂದ ಹಣ ಹಾಕಿ ಹೋಗಬೇಕು. ಮೂರೂವರೆಗೆ ನೋಡಿದರೆ ಗಿರಣಿಯವರಿಲ್ಲ! ಅವರ ಫೋನು ಕೋಣೆಯಲ್ಲಿತ್ತು. ಪಾಸ್‌ಪೋರ್ಟಿನ ಪ್ರತಿ ಇಲ್ಲ, ಭಾಷೆ ಇಲ್ಲ, ಸಕ್ಕರೆ ಕಾಯಿಲೆಯ ಮನುಷ್ಯ. ನಾವು ಇಬ್ಬರು ಹಡಗಿನ ಏಣಿಯ ಬಳಿ ನಿಂತೆವು. ಬ್ಯಾಂಕಿನವರು ಮಾತ್ರ ಒಂದು ಮಾತೂ ಆಡದೆ ಮಳೆಯಲ್ಲೇ ತಿರುಗಿ ಊರ ಕಡೆ ಓಡಿದರು. ಎಪ್ಪತ್ತರ ಹತ್ತಿರದ, ಎದೆಗೆ ಶಸ್ತ್ರಚಿಕಿತ್ಸೆಯಾದ ಮನುಷ್ಯ ಓಡಿದ್ದನ್ನು ನಾವು ನೋಡಿದೆವು.

ಬಂದರಿನ ಗೇಟಿನ ಆಚೆ ಪುಕ್ಕಟೆ ಇಂಟರ್‌ನೆಟ್ ಸಿಗುವ ಒಂದು ಚಹಾದ ಅಂಗಡಿ. ಅಲ್ಲಿ ಹಡಗಿನ ಕೆಲಸದವರು ಗೋಡೆಗೆ ಆನಿಕೊಂಡು, ನೆಲದ ಮೇಲೆ ಕೂತು, ತಮ್ಮ ತಮ್ಮ ಊರುಗಳ ಜೊತೆ ಮಾತಾಡುತ್ತಿದ್ದರು: ಫಿಲಿಪ್ಪೀನ್ಸಿನವರು, ಇಂಡೋನೇಷ್ಯದವರು, ನಮ್ಮವರು. ಅವರ ನಡುವೆ ಗಿರಣಿಯವರು. ಆ ಮೂಡುಬಿದಿರೆಯ ಹುಡುಗನ ಫೋನನ್ನು ಎರಡು ಕೈಯಲ್ಲಿ ಹಿಡಿದು ಅವನ ತಾಯಿಗೆ, "ಅಕ್ಕಾರ, ಹುಡುಗ ಚಲೋ ಅದಾನ್ರಿ, ಊಟ ಚಲೋ ಮಾಡ್ತಾನ್ರಿ, ಚಿಂತಿ ಮಾಡಬ್ಯಾಡ್ರಿ" ಎಂದು ಹೇಳುತ್ತಿದ್ದರು. ಊರಲ್ಲಿ ಆಗ ನಡುರಾತ್ರಿ ಕಳೆದಿತ್ತು. ತಾಯಿ ಎದ್ದು ಕೂತಿದ್ದಳು. ಹುಡುಗ ತಾನೇ ಹೇಳಿದರೆ ನಂಬುವುದಿಲ್ಲವೆಂದು ಇವರನ್ನು ಕರೆದುಕೊಂಡು ಹೋಗಿದ್ದನಂತೆ.

ಬ್ಯಾಂಕಿನವರು ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತ, "ನಿನಗೆ ಬುದ್ಧಿ ಅದನೇನೋ? ನೀ ಹೋದರ ನಿನ್ನ ಮಗಳಿಗೆ ನಾ ಏನು ಹೇಳಲಿ?" ಎಂದು ಗದರಿಸಿದರು. ಗಿರಣಿಯವರು ಫೋನು ಕೊಟ್ಟು ಎದ್ದು, "ಜಾಮೀನು ನೀ ಏನು ಬರದುಕೊಟ್ಟಿದ್ದಿಯೇನು?" ಎಂದರು. ಮೂವತ್ತು ವರ್ಷಗಳಲ್ಲಿ ಆ ಶಬ್ದವನ್ನು ಇಬ್ಬರಲ್ಲಿ ಯಾರೂ ಬಾಯಿಂದ ತೆಗೆದಿರಲಿಲ್ಲ. ಇದನ್ನು ನಾವು ಕಂಡದ್ದಲ್ಲ, ಆ ಹುಡುಗ ಆಮೇಲೆ ಹೇಳಿದ್ದು. ಜಗಳವೋ ತಮಾಷೆಯೋ ಅವನಿಗೆ ತಿಳಿಯಲಿಲ್ಲವಂತೆ. ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಇಬ್ಬರೂ ಒಂದೇ ಕೊಡೆಯಲ್ಲಿ ಬಂದರು. ಕೊಡೆ ಹುಡುಗನದು.

ಅಂದು ರಾತ್ರಿ ಊಟಕ್ಕೆ ಇಬ್ಬರೂ ತಡವಾಗಿ ಬಂದರು. ಮರುದಿನ ಮತ್ತೆ ಇಡೀ ಸಮುದ್ರ. ನೋಡುವ ಊರು ಇಲ್ಲ. ಪಕ್ಕದ ಕೋಣೆಯ ನಮಗೆ ನಡುಹಗಲಿನ ತನಕ ಗೋಡೆಯಾಚೆ ಗೊಣಗು ಮಾತು ಕೇಳುತ್ತಿತ್ತು, ನಡುವೆ ಬಹಳ ಹೊತ್ತು ಏನೂ ಇಲ್ಲ, ಮತ್ತೆ ಮಾತು. ಒಮ್ಮೆ ಬ್ಯಾಂಕಿನವರು ಮೂಗು ಸೀಟಿದ್ದು ಕೇಳಿಸಿತು. ಹವಾನಿಯಂತ್ರಣದ ತಂಪು ಅವರಿಗೆ ಆಗುವುದಿಲ್ಲ ಎಂದು ಆಮೇಲೆ ಹೇಳಿದರು. ಆ ಸಂಜೆ ಡೆಕ್ಕಿನ ಮೇಲೆ ನಾಲ್ಕು ಕುರ್ಚಿ ಹಿಡಿದು, ನಾಲ್ವರೂ ಸೂರ್ಯ ಮುಳುಗುವುದನ್ನು ನೋಡುತ್ತ ಖಾನಾವಳಿಯ ಹಳೆಯ ಜನರನ್ನು ಒಬ್ಬೊಬ್ಬರಾಗಿ ನೆನೆದೆವು. ಇಡೀ ಪ್ರವಾಸದಲ್ಲಿ ನಾವು ಪಟ್ಟ ಸುಖ ಯಾವುದೆಂದು ಕೇಳಿದರೆ ಆ ಎರಡು ಗಂಟೆ ಎನ್ನುತ್ತೇವೆ. ಅದಕ್ಕೆ ಬೇರೆ ಹಣ ಬೀಳಲಿಲ್ಲ.

ಇಳಿಯುವ ದಿನ ಹುಡುಗನಿಗೆ ಭಕ್ಷೀಸಿನ ಮೇಲೆ ನಾಲ್ವರೂ ಸೇರಿ ಸ್ವಲ್ಪ ಕೊಟ್ಟೆವು. ಅವನು ಬೇಡವೆನ್ನಲಿಲ್ಲ, ನಮಗೆ ಅದು ಹಿಡಿಸಿತು. ನಮ್ಮ ಸಂಘದ ಪತ್ರಿಕೆಯ ಎರಡು ಹಳೆಯ ಸಂಚಿಕೆಗಳನ್ನೂ ಕೊಟ್ಟೆವು. "ಓದಲಿಕ್ಕೆ ಪುರುಸೊತ್ತಿಲ್ಲ, ಆದರೆ ಇಟ್ಟುಕೊಳ್ಳುತ್ತೇನೆ" ಎಂದ. ನಾವು ಇಳಿದದ್ದು ಬೆಳಗ್ಗೆ ಒಂಬತ್ತಕ್ಕೆ. ಅದೇ ಕೋಣೆಗೆ ಮಧ್ಯಾಹ್ನ ಹೊಸಬರು ಬರಬೇಕಾಗಿತ್ತು.

ಲೆಕ್ಕದ ಪುಸ್ತಕ ಈ ಮೇಜಿನ ಮೇಲಿದೆ. ಹೋಗುವ ಆಲೋಚನೆಯಿದ್ದವರು ಬಿಚ್ಚಿ ನೋಡಬಹುದು. ರೊಟ್ಟಿಯ ಚಿಲ್ಲರೆಯ ತನಕ ಎಲ್ಲ ಇದೆ. ಕೊನೆಯ ಪುಟದಲ್ಲಿ ಗಿರಣಿಯವರಿಂದ ಬರಬೇಕಾದ ಬಾಕಿ 11 ಡಾಲರ್ ಎಂದಿದೆ. ಅವರು ಮೂರು ಸಲ ಕೊಡಲು ಹೋದರು. ಬ್ಯಾಂಕಿನವರು, "ಇರಲಿ ತಗೋ, ಬಾಕಿ ಇರಲಿ" ಎಂದು ತೆಗೆದುಕೊಳ್ಳುತ್ತಿಲ್ಲ.